ಲಾಭ, ಎರಡು, ಮೂರು

ಎರಡು ವರ್ಷಗಳ ಹಿಂದೆ, ದ್ವಿತೀಯ ಪಿಯು ತರಗತಿಯಲ್ಲಿ ಇಂಗ್ಲಿಷ್ ಸಾನೆಟ್ ಒಂದನ್ನು, ಅಂದರೆ ಹದಿನಾಲ್ಕು ಸಾಲಿನ ಪದ್ಯವೊಂದನ್ನು, ಪಾಠ ಮಾಡುತ್ತಿದ್ದೆ. ಸಾಲಿಗೆ ಹತ್ತು ಉಚ್ಚಾರಾಂಶ, ಅವುಗಳಲ್ಲಿ ಐದರ ಮೇಲೆ ಒತ್ತು, ಒತ್ತಿಲ್ಲದ್ದು ಮೊದಲು, ಒತ್ತುಳ್ಳದ್ದು ಆಮೇಲೆ ಎಂದು ಕರಿಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮೇಡಂ, ಒತ್ತು ಎಂದರೆ ಒತ್ತಕ್ಷರವೇ?”

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಹದಿನೆಂಟು ವರ್ಷಗಳಿಂದ ಕಲಬುರಗಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಪದ್ಯದ ಒತ್ತನ್ನು ಪ್ರತಿ ವರ್ಷ ವಿವರಿಸಿದ್ದೇನೆ. ಆ ಒತ್ತಿಗೆ ಸಮನಾದದ್ದು ನನ್ನ ಭಾಷೆಯಲ್ಲಿ ಏನಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. “ಅಲ್ಲ, ದನಿಯ ಒತ್ತು” ಎಂದು ಹೇಳಿ ಮುಂದಕ್ಕೆ ಹೋದೆ. ಆದರೆ ಮನೆಗೆ ಬರುವ ಬಸ್ಸಿನಲ್ಲಿ ಅವಳ ಪ್ರಶ್ನೆ ನನ್ನ ಪಕ್ಕದಲ್ಲಿಯೇ ಕುಳಿತಿತ್ತು. ಅವಳು ಹೇಳಿದ್ದು ಪೂರ್ತಿ ತಪ್ಪಲ್ಲ ಎಂದು ಜಗತ್ ವೃತ್ತ ಬರುವಷ್ಟರಲ್ಲಿ ಹೊಳೆದಿತ್ತು. ಹಳಿ, ಹಳ್ಳಿ. ಅಡಿ, ಅಡ್ಡಿ. ಒತ್ತಕ್ಷರ ಬಂದರೆ ಅದರ ಹಿಂದಿನ ಅಕ್ಷರ ಗುರುವಾಗುತ್ತದೆ, ದನಿ ಅಲ್ಲಿ ಒಂದು ಕ್ಷಣ ತಡೆದು ನಿಲ್ಲುತ್ತದೆ. ಇಂಗ್ಲಿಷಿನವರಿಗೆ ದನಿ ಏರಿಸುವುದರಿಂದ ಸಿಗುವುದು ನಮಗೆ ಹೊತ್ತು ಹಿಡಿಯುವುದರಿಂದ ಸಿಗುತ್ತದೆ.

ಅಂದಿನಿಂದ ನಾನು ಸುನೀತ ಬರೆಯಲು ಕಲಿಯುತ್ತಿದ್ದೇನೆ. ಸಾನೆಟ್ಟಿಗೆ ಕನ್ನಡದಲ್ಲಿ ನಿಂತಿರುವ ಹೆಸರು ಅದು. ಅಷ್ಟಷಟ್ಪದಿ ಎಂದೂ ಕರೆದಿದ್ದಾರೆ, ಎಂಟು ಸಾಲು ಮತ್ತು ಆರು ಸಾಲು ಎಂಬ ಅರ್ಥದಲ್ಲಿ. ಆ ಹೆಸರಿನಲ್ಲಿ ಲೆಕ್ಕ ಕಾಣುತ್ತದೆ, ಸುನೀತದಲ್ಲಿ ಚೆಲುವು ಕೇಳುತ್ತದೆ. ಹದಿಮೂರನೆಯ ಶತಮಾನದಲ್ಲಿ ಸಿಸಿಲಿಯ ಅರಮನೆಯ ಕವಿಗಳ ನಡುವೆ ಹುಟ್ಟಿ, ಪೆಟ್ರಾರ್ಕನ ಕೈಯಲ್ಲಿ ಬೆಳೆದು, ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ದಾಟಿದ ಈ ರೂಪ, ಕಳೆದ ಶತಮಾನದಲ್ಲಿ ನಮ್ಮಲ್ಲಿಗೂ ಬಂದು ನೆಲೆಸಿತು. ಮಾಸ್ತಿಯವರು, ಕುವೆಂಪು ಅವರು ಸುನೀತಗಳದೇ ಸಂಕಲನಗಳನ್ನು ತಂದರು. ನಾನು ಅವನ್ನು ಓದಿದ್ದೆ. ಓದುವಾಗ ಅರ್ಥವನ್ನು ಹಿಡಿದಿದ್ದೆ, ನಡಿಗೆಯನ್ನು ಕೇಳಿರಲಿಲ್ಲ.

ಮೊದಲ ತಿಂಗಳು ನಾನು ಮಾಡಿದ್ದು ಇಂಗ್ಲಿಷ್ ಲೆಕ್ಕವನ್ನು ಹಾಗೆಯೇ ಎತ್ತಿ ತಂದು ಕನ್ನಡದ ಮೇಲೆ ಹೇರುವ ಕೆಲಸ. ಸಾಲಿಗೆ ಹತ್ತು ಅಕ್ಷರ ಎಂದು ಎಣಿಸಿದೆ. ಬರೆದ ಹದಿನಾಲ್ಕು ಸಾಲುಗಳಲ್ಲಿ ಯಾವ ಎರಡೂ ಒಂದೇ ಉದ್ದಕ್ಕೆ ಕೇಳಲಿಲ್ಲ. ಕಾರಣ ಸರಳ. ಅಕ್ಷರವನ್ನು ಹಿಡಿಯುವ ಹೊತ್ತಿನ ಅಳತೆ ಮಾತ್ರೆ: ಲಘುವಿಗೆ ಒಂದು, ಗುರುವಿಗೆ ಎರಡು. ‘ಕಲಬುರಗಿ’ಯಲ್ಲಿ ಐದು ಅಕ್ಷರಗಳಿವೆ, ಐದೂ ಲಘು, ಒಟ್ಟು ಐದು ಮಾತ್ರೆ. ‘ಹತ್ತೊಂಬತ್ತು’ ಎಂಬುದರಲ್ಲಿ ನಾಲ್ಕೇ ಅಕ್ಷರ, ಆದರೆ ಏಳು ಮಾತ್ರೆ. ಅಕ್ಷರ ಕಡಿಮೆ, ಹಿಡಿಯುವ ಹೊತ್ತು ಹೆಚ್ಚು. ಹೀಗಿರುವಾಗ ಅಕ್ಷರಗಳನ್ನು ಎಣಿಸಿ ಸಾಲು ಕಟ್ಟುವುದೆಂದರೆ ಗಜದ ಕೋಲಿನಿಂದ ಕಾಳು ಅಳೆದಂತೆ.

ಆಮೇಲೆ ಇಂಗ್ಲಿಷಿನ ಏರಿಳಿತವನ್ನಾದರೂ ತರೋಣವೆಂದು ಲಘು-ಗುರು, ಲಘು-ಗುರು ಎಂದು ಜೋಡಿಸಲು ನೋಡಿದೆ. ಅಲ್ಲಿ ಒಂದು ವಿಚಿತ್ರ ಎದುರಾಯಿತು. ಗುರು ಮೊದಲು ಬರುವ ಕನ್ನಡ ಪದಗಳು ಬೇಕಾದಷ್ಟು ಸಿಕ್ಕವು: ಕಾಳು, ಹೊಟ್ಟು, ಊರು, ರೊಟ್ಟಿ. ಮೂರೂ ಲಘುಗಳಿರುವ ತೊಗರಿ, ಬಿಸಿಲು, ಎರಡು ಸಿಕ್ಕವು. ಲಘುವಿನ ಹಿಂದೆಯೇ ಗುರು ಬರುವ ಪದಗಳನ್ನು ಹುಡುಕಿದರೆ ಸಂಸ್ಕೃತದ ಸದಾ, ಕಥಾ, ವಸಂತ ಬಂದು ನಿಲ್ಲುತ್ತಿದ್ದವು. ಇಲ್ಲವೇ ನಮ್ಮ ಊರಿನ ಬಾಯಲ್ಲಿ ದಿನವೂ ಆಡುವ ಹಿಸಾಬು, ಜವಾಬು, ನಸೀಬು, ಸವಾಲು. ಈ ಸೀಮೆಯ ಕನ್ನಡಕ್ಕೆ ಉರ್ದುವಿನ ದಾರಿಯಿಂದ ಬಂದ ಶಬ್ದಗಳು ಅವು. ನಮ್ಮ ಹಳೆಯ ಛಂದಸ್ಸು ಗಣವೊಂದು, ಅಂದರೆ ಮಾತ್ರೆಗಳ ಗುಂಪೊಂದು, ಲಘು-ಗುರುವಿನಿಂದ ಆರಂಭವಾಗುವುದನ್ನು ಏಕೆ ಒಲ್ಲದು ಎಂಬುದು ನನಗೆ ಅರ್ಥವಾದದ್ದು ಆಗ. ಪುಸ್ತಕದಲ್ಲಿ ಅದು ಕೇವಲ ನಿಯಮವಾಗಿತ್ತು. ನಾಲಗೆಯ ಮೇಲೆ ಅದು ನಮ್ಮ ಪದಗಳ ಸ್ವಭಾವವೇ ಆಗಿತ್ತು: ಕನ್ನಡ ಪದ ತನ್ನ ಭಾರವನ್ನು ಆದಷ್ಟು ಮೊದಲೇ ಇಳಿಸಿಬಿಡುತ್ತದೆ.

ಇಂಗ್ಲಿಷಿನಲ್ಲಿ ಒತ್ತು ಪದದ ಆಸ್ತಿ. ‘ಎಕ್ಸ್‌ಪೋರ್ಟ್’ ಎಂಬುದರ ಮೊದಲ ಭಾಗಕ್ಕೆ ಒತ್ತು ಕೊಟ್ಟರೆ ನಾಮಪದ, ಎರಡನೆಯದಕ್ಕೆ ಕೊಟ್ಟರೆ ಕ್ರಿಯಾಪದ. ನಮ್ಮಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ, ಹೊತ್ತಿನಿಂದ ಬದಲಾಗುತ್ತದೆ. ಅಳು ಬೇರೆ, ಆಳು ಬೇರೆ. ಹಾಗಾದರೆ ಕನ್ನಡದ ಸಾಲಿನಲ್ಲಿ ಬಡಿತ ಎಲ್ಲಿಂದ ಬರುತ್ತದೆ? ಗಣದ ತಲೆಯಿಂದ. ಸುನೀತಕ್ಕೆ ಒಗ್ಗಿದ ಒಂದು ನಡೆಯೆಂದರೆ ಲಲಿತ ರಗಳೆಯದು: ಐದು ಮಾತ್ರೆಯ ನಾಲ್ಕು ಗಣ, ಸಾಲಿಗೆ ಇಪ್ಪತ್ತು ಮಾತ್ರೆ. ಪ್ರತಿ ಐದನ್ನು ಶುರುಮಾಡುವ ಅಕ್ಷರದ ಮೇಲೆ ದನಿ ತಾನಾಗಿ ಕಾಲೂರುತ್ತದೆ. ಇಷ್ಟು ತಿಳಿದ ಮೇಲೆ ನಾನು ದಾರಿಯಲ್ಲಿ ಕಂಡದ್ದನ್ನೆಲ್ಲ ಅಳೆಯತೊಡಗಿದೆ. ಬಸ್ಸುಗಳ ಫಲಕಗಳನ್ನೂ ಬಿಡಲಿಲ್ಲ. ಕಲಬುರಗಿ ಐದು, ಯಾದಗಿರಿ ಐದು, ಮಳಖೇಡ ಐದು. ಬೀದರ ಮಾತ್ರ ನಾಲ್ಕಕ್ಕೆ ನಿಂತಿತು.

ಮಳಖೇಡದ ಹೆಸರು ಸುಮ್ಮನೆ ಬರಲಿಲ್ಲ. ಸೇಡಂ ಕಡೆಗೆ ಹೋಗುವ ಬಸ್ಸಿನಲ್ಲಿ ಆ ಊರನ್ನು ಚಿಕ್ಕಂದಿನಿಂದ ದಾಟಿದ್ದೇನೆ. ಕಾಗಿಣಾ ನದಿಯ ದಂಡೆ, ಕುಸಿದ ಕೋಟೆಗೋಡೆ. ರಾಷ್ಟ್ರಕೂಟರ ಮಾನ್ಯಖೇಟ ಅದು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ದಲ್ಲಿ ಪ್ರಾಸದ ಬಗೆಗಳನ್ನು ಉದಾಹರಣೆ ಕೊಟ್ಟು ವಿವರಿಸಿದ್ದು ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ. ಓದು ಕಲಿಯದೆಯೂ ಕಾವ್ಯ ಕಟ್ಟಬಲ್ಲ ಜನರ ನಾಡು ಇದು ಎಂಬ ಪ್ರಸಿದ್ಧ ಮಾತು ಇರುವುದೂ ಅದೇ ಗ್ರಂಥದಲ್ಲಿ. ಶಾಲೆಯಲ್ಲಿ ಆ ಮಾತನ್ನು ಹೆಮ್ಮೆಗಾಗಿ ಬಾಯಿಪಾಠ ಮಾಡಿದ್ದೆವು. ಅದು ಯಾರನ್ನು ಕುರಿತದ್ದು ಎಂದು ನಾನು ನಮ್ಮ ಅಂಗಳದೊಳಕ್ಕೆ ನೋಡಿರಲಿಲ್ಲ. ಆ ಸಂಗತಿಗೆ ಬರುತ್ತೇನೆ. ಅದಕ್ಕೂ ಮೊದಲು ಪ್ರಾಸ.

ನಮ್ಮ ಪೂರ್ವಿಕರು ಪ್ರಾಸವನ್ನು ಸಾಲಿನ ಆರಂಭದಲ್ಲಿಟ್ಟರು, ಎರಡನೆಯ ಅಕ್ಷರದಲ್ಲಿ. ಅದರ ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜ, ಬಿಂದು ಇದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಪ್ರಾಸಾಕ್ಷರವೇ ಬೇರೆ ವ್ಯಂಜನದ ಒತ್ತಾದರೆ ಶರಭ, ಅದೇ ವ್ಯಂಜನದ ಒತ್ತಾದರೆ ಹಯ. ಆರು ಪ್ರಾಣಿಗಳ ಈ ಸಾಲನ್ನು ಕಾಲೇಜಿನಲ್ಲಿ ಪರೀಕ್ಷೆಗಾಗಿ ಓದಿ ಮರೆತಿದ್ದೆ. ಸಾನೆಟ್ ಕೇಳುವುದು ಅಂತ್ಯಪ್ರಾಸವನ್ನು. ಅದು ಸುಲಭವೆಂದು ನಂಬಿ ಹೊರಟೆ. ನಿಜಕ್ಕೂ ಅತಿ ಸುಲಭವಾಗಿತ್ತು, ತೊಡಕಾದದ್ದೂ ಅದೇ. ಬರುತ್ತಿದೆ, ಹೋಗುತ್ತಿದೆ. ಊರಿನಲ್ಲಿ, ನೀರಿನಲ್ಲಿ, ಮರದಲ್ಲಿ. ಕನ್ನಡದ ಯಾವ ಎರಡು ಕ್ರಿಯಾಪದಗಳನ್ನು ತಂದು ನಿಲ್ಲಿಸಿದರೂ ಕೊನೆ ಕೂಡುತ್ತದೆ. ಪ್ರತ್ಯಯ ಪ್ರತ್ಯಯಕ್ಕೆ ಕೂಡಿದರೆ ಕಿವಿಗೆ ಏನೂ ಸಿಕ್ಕಂತಾಗುವುದಿಲ್ಲ. ಮೊದಲ ಆರು ಸುನೀತಗಳ ಪ್ರಾಸವೆಲ್ಲ ಹೀಗೆ ವ್ಯಾಕರಣದಿಂದ ಬಂದ ಕೂಲಿಯಾಗಿತ್ತು, ನಾನು ದುಡಿದದ್ದಾಗಿರಲಿಲ್ಲ.

ಇದನ್ನು ಬಿಡಿಸಿ ತೋರಿಸಿದವರು ನಮ್ಮ ಪಕ್ಕದ ಮನೆಯ ಚಾಚಾ. ಉರ್ದು ಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ದರ್ಗಾದ ಉರುಸಿನ ದಿನಗಳಲ್ಲಿ ಅವರ ಮನೆಯ ಹೊರಕೋಣೆಯಲ್ಲಿ ಶಾಯರಿ ಬಲ್ಲ ಗೆಳೆಯರು ಸೇರುತ್ತಾರೆ. ಒಂದು ಸಂಜೆ ನನ್ನ ತೊಂದರೆ ಹೇಳಿಕೊಂಡೆ. ಅವರು ಚಹದ ಬಟ್ಟಲು ಕೆಳಗಿಟ್ಟು ಗಜಲಿನ ಕಟ್ಟು ವಿವರಿಸಿದರು. ಪ್ರತಿ ದ್ವಿಪದಿಯ ಕೊನೆಗೆ ಬದಲಾಗದೆ ಬರುವ ಪದ ರದೀಫ್, ಅದರ ಹಿಂದೆ ನಿಂತು ಪ್ರಾಸ ಕೊಡುವುದು ಕಾಫಿಯಾ. “ಮಗಳೇ, ರದೀಫ್ ಎಂಬುದು ಬಾಗಿಲು. ಅದು ಎಲ್ಲ ಮನೆಗೂ ಒಂದೇ ಥರ ಇರಬಹುದು. ಒಳಗಿನಿಂದ ಯಾರು ಬರುತ್ತಾರೆ ಎಂದು ಕಾಯುವುದು ಕಾಫಿಯಾಕ್ಕಾಗಿ” ಎಂದರು.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕನ್ನಡದ ವಿಭಕ್ತಿ ಪ್ರತ್ಯಯವೆಂದರೆ ಭಾಷೆಯೇ ನಮಗೆ ಪುಕ್ಕಟೆ ಕೊಟ್ಟ ರದೀಫ್! ‘ತೊಗರಿಯನ್ನು, ನಗರಿಯನ್ನು’ ಎಂದಾಗ ‘ಯನ್ನು’ ಬಾಗಿಲು ಮಾತ್ರ. ಪ್ರಾಸ ಇರುವುದು ತೊಗರಿ-ನಗರಿಗಳ ನಡುವೆ. ‘ತೊಗರಿಯನ್ನು, ಮರವನ್ನು’ ಎಂದರೆ ಬಾಗಿಲಿದೆ, ಒಳಗೆ ಯಾರೂ ಇಲ್ಲ. ಪದದ ಜೀವ ಅದರ ಧಾತುವಿನಲ್ಲಿದೆ, ಧಾತು ಇರುವುದು ಮುಂದೆ. ಹಳಬರು ಪ್ರಾಸವನ್ನು ಸಾಲಿನ ತಲೆಗೆ ಕಟ್ಟಿದ್ದು ಇದೇ ಕಾರಣಕ್ಕಿರಬೇಕು ಎಂದು ನನ್ನ ಎಣಿಕೆ. ಬಾಲಕ್ಕೆ ಕಟ್ಟಿದರೆ ನಮ್ಮ ಭಾಷೆಯಲ್ಲಿ ಎಲ್ಲರೂ ಗೆಲ್ಲುತ್ತಾರೆ.

ಒಬ್ಬ ಸಹೋದ್ಯೋಗಿ ನನ್ನ ಈ ಹುಚ್ಚನ್ನು ಕಂಡು ಪ್ರೀತಿಯಿಂದಲೇ ಗದರಿದ್ದರು: ಬಸವಕಲ್ಯಾಣದ ಮಗ್ಗುಲಲ್ಲಿ ಹುಟ್ಟಿ ಮಾತ್ರೆ ಎಣಿಸುತ್ತೀರಾ? ಅಮೃತಗಣ, ದೇವಗಣಗಳನ್ನು ಅರಿಯೆ, ಒಲಿದಂತೆ ಹಾಡುವೆ ಎಂದ ಬಸವಣ್ಣನವರ ನೆಲವಲ್ಲವೇ ಇದು? ಆ ವಚನವನ್ನು ನಾನೂ ಎದೆಯಲ್ಲಿಟ್ಟುಕೊಂಡವಳು. ಆದರೆ ತಾವು ಅರಿಯೆ ಎಂದ ಗಣಗಳ ಹೆಸರನ್ನು ಅವರು ಅಷ್ಟು ಸರಿಯಾಗಿ ಹೇಳುತ್ತಾರೆ, ‘ಅರಿಯೆ’ ಎಂಬುದನ್ನು ಅಷ್ಟು ಹದವಾಗಿ ಮತ್ತೆ ಮತ್ತೆ ಇಳಿಸುತ್ತಾರೆ. ಒಲಿದಂತೆ ಹಾಡುವ ಹಕ್ಕು ಅಂಥ ಕಿವಿಯಿಂದ ಬಂದದ್ದು. ನನಗೆ ಆ ಕಿವಿ ಇನ್ನೂ ಬರಬೇಕು, ಅದಕ್ಕೇ ಎಣಿಸುತ್ತಿದ್ದೆ.

ಕಳೆದ ಜನವರಿಯಲ್ಲಿ ರಾಶಿಯ ಹೊತ್ತಿಗೆ ಅಪ್ಪನನ್ನು ಕರೆದುಕೊಂಡು ಊರಿಗೆ ಹೋದೆ. ಹೊಲವನ್ನು ಈಗ ಪಾಲಿಗೆ ಕೊಟ್ಟಿದ್ದೇವೆ. ನಮ್ಮ ಪಾಲಿನ ತೊಗರಿ ಚೀಲಗಳಲ್ಲಿ ಬಂದು, ತೂಕದ ಯಂತ್ರದ ಮೇಲೆ ಹತ್ತಿಳಿದು ಮುಗಿಯಿತು. ಎಂಬತ್ತರ ಹತ್ತಿರದ ಅಪ್ಪನಿಗೆ ಸಮಾಧಾನವಾಗಲಿಲ್ಲ. ಮನೆಬಳಕೆಗೆ ಎತ್ತಿಟ್ಟ ಕಾಳನ್ನು ಅಂಗಳದ ಪರಸಿಯ ಮೇಲೆ, ಹಾಸುಗಲ್ಲಿನ ಮೇಲೆ ಸುರಿಸಿ, ಅಟ್ಟದಿಂದ ಹಳೆಯ ಸೇರನ್ನು ಇಳಿಸಿ, ತಾವೇ ಅಳೆಯಲು ಕುಳಿತರು. ಮೊದಲ ಸೇರು ಚೀಲಕ್ಕೆ ಬಿದ್ದಾಗ ಅವರು ‘ಒಂದು’ ಎನ್ನಲಿಲ್ಲ. ‘ಲಾಭ’ ಎಂದರು. ಕಾಳು ಅಳೆಯುವಾಗ ಮೊದಲ ಅಳತೆಯನ್ನು ಹಾಗೆಯೇ ಕರೆಯುವುದು ನಮ್ಮ ಕಡೆಯ ರೂಢಿ. ಲಾಭ, ಎರಡು, ಮೂರು, ನಾಲ್ಕು. ಸೇರು ಮುಳುಗುವ ಸದ್ದು, ಅಂಗೈ ಮೇಲಿನ ಕಾಳನ್ನು ಸರಿಸುವ ಸದ್ದು, ಸುರಿಯುವ ಸದ್ದು, ಮತ್ತು ಆ ಎಣಿಕೆ. ಕಂಬಕ್ಕೆ ಒರಗಿ ಕುಳಿತಿದ್ದ ನನ್ನ ಬೆರಳುಗಳು ತಾವಾಗಿಯೇ ಮಾತ್ರೆ ಹಾಕತೊಡಗಿದವು.

ಲಾಭ, ಮೂರು ಮಾತ್ರೆ. ಎರಡು, ಮೂರು ಮಾತ್ರೆ. ಮೂರು, ನಾಲ್ಕು, ಐದು, ಆರು, ಏಳು, ಎಂಟು: ಒಂದೊಂದೂ ಮೂರೇ ಮಾತ್ರೆ. ‘ಒಂದು’ ಇದ್ದಿದ್ದರೂ ಮೂರೇ. ಅದನ್ನು ತೆಗೆದು ಬೇರೆ ಪದ ಇಟ್ಟ ಹಿರಿಯರು ಅಳತೆ ಕೆಡದ ಪದವನ್ನೇ ಇಟ್ಟಿದ್ದಾರೆ. ಮೂರು ಮಾತ್ರೆಯ ಎಂಟು ಗಣಗಳು ಸೇರಿದರೆ ಉತ್ಸಾಹ ರಗಳೆಯ ಒಂದು ಸಾಲು. ಅಪ್ಪ ಎಂಟರವರೆಗೆ ಎಣಿಸಿದಾಗ ಆ ಸಾಲು ತುಂಬಿತ್ತು. ಆಮೇಲೆ ‘ಒಂಬತ್ತು’ ಬಂತು, ಐದು ಮಾತ್ರೆ. ದನಿ ಅಲ್ಲಿ ಬಾಗಿತು, ಕೈಯೂ ಒಂದಿಷ್ಟು ನಿಧಾನವಾಯಿತು. ಹತ್ತು, ಮತ್ತೆ ಮೂರು. ಅದರ ಮುಂದೆ ಐದರ ನಡೆ: ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು. ಐದು ಮಾತ್ರೆಯ ನಾಲ್ಕು ಗಣ. ಒಂದು ವರ್ಷದಿಂದ ನಾನು ತಲೆ ಚಚ್ಚಿಕೊಂಡು ಕಟ್ಟುತ್ತಿದ್ದ ಸುನೀತದ ಸಾಲನ್ನು ಅಪ್ಪ ತೊಗರಿ ಸುರಿಯುತ್ತ ಹೇಳಿ ಮುಗಿಸಿದ್ದರು.

ಎದ್ದು ಹಿತ್ತಿಲಿಗೆ ಹೋಗಿ ನಿಂತೆ. ಕಣ್ಣು ಒದ್ದೆಯಾಗಿತ್ತು. ಸಾನೆಟ್ ತಿರುಗುವುದು ಎಂಟು ಸಾಲುಗಳಾದ ಮೇಲೆ, ಒಂಬತ್ತನೆಯದರಲ್ಲಿ. ಅಲ್ಲಿಯವರೆಗೆ ಕಟ್ಟಿದ್ದನ್ನು ಇನ್ನೊಂದು ಕಡೆಯಿಂದ ನೋಡುವ ಜಾಗ ಅದು. ಪೆಟ್ರಾರ್ಕನ ಕಟ್ಟಿನಲ್ಲಿ ಪ್ರಾಸದ ಜೋಡಣೆಯೂ ಅಲ್ಲಿಯೇ ಬದಲಾಗುತ್ತದೆ. ಇಟಲಿಯ ಕವಿಗಳಿಗೂ ನಮ್ಮ ಎಣಿಕೆಗೂ ಸಂಬಂಧ ಕಟ್ಟಲು ಹೊರಟವಳಲ್ಲ ನಾನು. ಆದರೆ ತಿರುವು ಎಂದರೇನು ಎಂದು ನೂರು ಸಲ ಓದಿದ್ದ ನನ್ನ ಕಿವಿಗೆ ಅದು ಕೇಳಿಸಿದ್ದು ‘ಎಂಟು’ ಆಗಿ ‘ಒಂಬತ್ತು’ ಬಂದ ಆ ಗಳಿಗೆಯಲ್ಲಿ. ಏಕೆ ತಿರುಗಬೇಕು ಎಂಬುದಕ್ಕೂ ಉತ್ತರ ಅದೇ ಅಂಗಳದಲ್ಲಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ತೊಗರಿಗೆ ನೆಟೆರೋಗ ಬಂದು, ಹೂವಿನ ಹೊತ್ತಿಗೆ ಹೊಲದ ಅರ್ಧ ನಿಂತಲ್ಲೇ ಒಣಗಿತ್ತು. ಬಂದಷ್ಟು ಕಾಳನ್ನು ಅಳೆಯಲು ಕುಳಿತ ಅಪ್ಪ ಅಂದೂ ಮೊದಲ ಸೇರಿಗೆ ‘ಲಾಭ’ ಎಂದೇ ಎಣಿಕೆ ಹಿಡಿದಿದ್ದರು. ಅವ್ವ ಒಳಗಿನಿಂದ ಅದನ್ನು ಕೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಆ ರಾತ್ರಿ ಬರೆದ ಮೊದಲ ನಾಲ್ಕು ಸಾಲುಗಳು ಇವು:

ಅಂಗಳದ ಪರಸಿಯಲಿ ನನ್ನಪ್ಪ ಹೊಸ ತೊಗರಿ
ಅಳೆವಾಗ ಮೊದಲ ಸೇರಿಗೆ ಲಾಭವೆಂದ ದನಿ;
ಕಾಳೊಂದು ಕೈಮೀರಿ ಕಲ್ಲಂಚಿನಲ್ಲೆಗರಿ
ಉರುಳುವುದು ಮುಂಗಾರು ಬಿದ್ದಂತೆ ಮೊದಲ ಹನಿ.

ಹೇಗೆ ಬಂದವು ಎಂದು ಹೇಳಬೇಕು, ಕಲಿಯುವವರಿಗೆ ಅದರಿಂದ ಉಪಯೋಗವಾಗಬಹುದು. ಮೊದಲ ಸಾಲಿನಲ್ಲಿ ‘ಅಂಗಳದ, ಪರಸಿಯಲಿ, ನನ್ನಪ್ಪ, ಹೊಸ ತೊಗರಿ’ ಎಂದು ಗಣವೂ ಪದವೂ ಒಟ್ಟಿಗೇ ಮುಗಿಯುತ್ತವೆ. ಹದಿನಾಲ್ಕು ಸಾಲೂ ಹೀಗೆಯೇ ನಡೆದರೆ ಶಾಲೆಯ ಮೈದಾನದ ಕವಾಯತು ಆಗುತ್ತದೆ. ಎರಡನೆಯದರಲ್ಲಿ ಹಾಗಿಲ್ಲ: ‘ಅಳೆವಾಗ, ಮೊದಲ ಸೇ, ರಿಗೆ ಲಾಭ, ವೆಂದ ದನಿ.’ ‘ಸೇರಿಗೆ’ ಎಂಬುದು ಗಣದ ಗಡಿ ದಾಟುತ್ತದೆ, ‘ಲಾಭ’ ಬಡಿತದ ಮೇಲೆ ಬೀಳದೆ ನಡುವೆ ಏಳುತ್ತದೆ, ತುಂಬಿದ ಸೇರು ರಾಶಿಯಿಂದ ಮೇಲೆದ್ದಂತೆ. ತಾಳ ಕೆಳಗೆ ತನ್ನಷ್ಟಕ್ಕೆ ಹರಿಯುತ್ತಿರುತ್ತದೆ, ಮಾತು ಅದರ ಮೇಲೆ ಈಜುತ್ತದೆ. ಇಂಗ್ಲಿಷ್ ಕವಿಗಳು ಸಾಲಿನ ಆರಂಭದಲ್ಲಿ ಒತ್ತನ್ನು ಹಿಂದುಮುಂದು ಮಾಡಿ ಪಡೆಯುವ ಚುರುಕು ನಮಗೆ ಹೀಗೆ ಸಿಗುತ್ತದೆ. ನನ್ನ ಒಂದು ವರ್ಷದ ಕಲಿಕೆಯಲ್ಲಿ ಯಾರಿಗಾದರೂ ಕೊಡಬಹುದಾದದ್ದು ಇದೊಂದು.

ಮೂರನೆಯ ಸಾಲು ಮೊದಲು ‘ಕಲ್ಲಿನಂಚಿಗೆ ಎಗರಿ’ ಎಂದಿತ್ತು. ಮಾತ್ರೆ ಸರಿಯಿತ್ತು, ಆದರೆ ‘ಗೆ’ ಮತ್ತು ‘ಎ’ ಒಂದಕ್ಕೊಂದು ಮುಖ ತಿರುಗಿಸಿ ನಿಂತಿದ್ದವು. ಸಂಧಿ ಮಾಡಿ ‘ಕಲ್ಲಂಚಿನಲ್ಲೆಗರಿ’ ಎಂದಾಗ ಕಾಳು ನಿಜಕ್ಕೂ ಹಾರಿತು. ತೊಗರಿಗೆ ಎಗರಿ, ದನಿಗೆ ಹನಿ: ಪ್ರತ್ಯಯದ ಆಸರೆಯಿಲ್ಲದ ಪ್ರಾಸ. ಎರಡು ಮತ್ತು ಮೂರನೆಯ ಸಾಲುಗಳ ಎರಡನೆಯ ಅಕ್ಷರದಲ್ಲಿ ‘ಳ’ಕಾರ ತಾನಾಗಿ ಬಂದು ಕೂತಿದೆ. ಒಂದರ ಹಿಂದೆ ಹ್ರಸ್ವ, ಇನ್ನೊಂದರ ಹಿಂದೆ ದೀರ್ಘ. ಸಿಂಹ ಮತ್ತು ಗಜ ಒಂದೇ ಕಡೆ ಇರಬಾರದು, ಹಳೆಯ ನಿಯಮದ ಮುಂದೆ ಅದು ಪ್ರಾಸವಲ್ಲ. ಆದರೂ ಅದನ್ನು ಕಂಡು ತುಂಬ ಹೊತ್ತು ಸಂತೋಷಪಟ್ಟೆ.

ಎರಡನೆಯ ಚೌಪದಿಗೆ ಎರಡು ತಿಂಗಳು ಹಿಡಿಯಿತು. ಅದನ್ನು ಇಲ್ಲಿ ಕೊಡುವುದಿಲ್ಲ, ಇನ್ನೂ ಹಸಿಯಾಗಿದೆ. ಒಂಬತ್ತನೆಯ ಸಾಲು ಮಾತ್ರ ಒಂದೇ ಸಲಕ್ಕೆ ಬಂತು:

ನೆಟೆರೋಗ ಬಂದ ವರುಷವು ಬದಲಿಸದ ಮಾತು

ಕೊನೆಯ ಜೋಡಿ ಸಾಲುಗಳನ್ನು ನಾನು ಬರೆದೆ ಎನ್ನಲಾರೆ. ಅರ್ಧ ನನ್ನದು, ಅರ್ಧ ಅಪ್ಪನದು. ‘ನಾಲ್ಕು’ ಎಂಬುದನ್ನು ಆಡುವಂತೆ ‘ನಾಕು’ ಮಾಡಿಕೊಂಡಿದ್ದೇನೆ, ಮಾತ್ರೆ ಅಷ್ಟೇ ಉಳಿಯುತ್ತದೆ:

ಲಾಭವೆನ್ನುವ ಸೊಲ್ಲು ಮೊದಲು ಬಂದರೆ ಸಾಕು,
ಹನ್ನೊಂದು ಹನ್ನೆರಡು ಹದಿಮೂರು ಹದಿನಾಕು.

ಹೋದ ವಾರ ಸಂಜೆ, ಕರೆಂಟ್ ಹೋಗಿದ್ದ ಹೊತ್ತಿನಲ್ಲಿ, ಮೊಬೈಲ್ ಬೆಳಕಿನಲ್ಲಿ ಹದಿನಾಲ್ಕು ಸಾಲುಗಳನ್ನೂ ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಸುನೀತವೆಂದರೆ ಏನೆಂದು ನಾನು ವಿವರಿಸಲಿಲ್ಲ. ಕೊನೆಯ ಸಾಲಿಗೆ ಬಂದಾಗ ಅವರ ಹೆಬ್ಬೆರಳು ಬೆರಳಗೆಣ್ಣುಗಳ ಮೇಲೆ ಸರಿಯುತ್ತಿರುವುದನ್ನು ಕಂಡೆ. ಓದಿ ಮುಗಿಸಿದೆ. ಸ್ವಲ್ಪ ಹೊತ್ತು ಅವರು ಮಾತನಾಡಲಿಲ್ಲ.

“ಅವ್ವಾ, ಹದಿನಾಲ್ಕು ಸೇರು ಯಾರಿಗೆ ಅಳೆದದ್ದು?” ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಸುಮ್ಮನೆ ಅಳೆಯುವುದು ಎಂಬುದು ಅವರಿಗೆ ಅರ್ಥವಾಗುವ ಮಾತಲ್ಲ. ರಾಶಿಯಾದ ಮೇಲೆ ಮೊದಲು ಆಯಗಾರರ ಪಾಲು, ಕಂಬಾರನಿಗೆ ಇಷ್ಟು, ಬಡಿಗೇರನಿಗೆ ಇಷ್ಟು, ಕುಂಬಾರನಿಗೆ ಇಷ್ಟು, ಆಮೇಲೆ ಮನೆಗೆ ಎಂದು ಅವರು ಒಬ್ಬೊಬ್ಬರ ಮುಖ ನೆನೆಯುತ್ತ ಹೇಳುತ್ತ ಹೋದರು. ಕರೆಂಟ್ ಬಂದ ಮೇಲೂ ಹೇಳುತ್ತಿದ್ದರು. ನಾನು ಕಾಗದ ತೆಗೆದು ನೋಡಿದೆ. ಹತ್ತನೆಯ ಸಾಲಿನಲ್ಲಿ ಬಿಸಿಲು, ಗಾಳಿ, ಆಕಾಶ ಎಲ್ಲ ಇದ್ದವು, ಚೀಲ ಹಿಡಿದು ನಿಂತ ಮನುಷ್ಯ ಇರಲಿಲ್ಲ. ಅದನ್ನು ಹೊಡೆದು ಹಾಕಿದ್ದೇನೆ. ಕಂಬಾರ ಐದು ಮಾತ್ರೆ, ಬಡಿಗೇರ ಐದು, ಕುಂಬಾರ ಐದು. ಇನ್ನೊಂದು ಗಣ ಉಳಿದಿದೆ. ಅಲ್ಲಿ ಯಾರು ನಿಂತಿದ್ದರು ಎಂದು ನಾಳೆ ಬೆಳಿಗ್ಗೆ ಅಪ್ಪನನ್ನು ಕೇಳಬೇಕು.